ಹಾಡಿಯ ಊಟ ಬದಲಾದಾಗ ಮೈಯ ಕಾವಲಿಗೆ ಏನಾಗುತ್ತದೆ?

(ಕೊಡಗಿನ ಗೋಣಿಕೊಪ್ಪದಲ್ಲಿ ಅಂಗನವಾಡಿ ಟೀಚರುಗಳು, ಆಶಾ ಕಾರ್ಯಕರ್ತೆಯರು ಮತ್ತು ಸುತ್ತಲಿನ ಹಾಡಿಗಳ, ಅಂದರೆ ಬುಡಕಟ್ಟು ಜನರ ಕೇರಿಗಳ, ಹುಡುಗ ಹುಡುಗಿಯರ ಮುಂದೆ ಆಡಿದ ಮಾತಿನ ಬರಹ ರೂಪ.)

ಕೆಸುವಿನ ಸೊಪ್ಪು ತಿಂದು ಗಂಟಲು ಕೆರೆದರೆ ಅದು ಅಲರ್ಜಿಯಾ? ಹೌದು ಅನ್ನುವವರು ಕೈ ಎತ್ತಿ. ಅರ್ಧಕ್ಕಿಂತ ಜಾಸ್ತಿ ಕೈ ಮೇಲಿದೆ. ಆದರೆ ಅದು ಅಲರ್ಜಿ ಅಲ್ಲ. ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಅನ್ನುವ ಹರಳುಗಳಿರುತ್ತವೆ, ಕಣ್ಣಿಗೆ ಕಾಣದಷ್ಟು ಸಣ್ಣ, ಚೂಪು. ಅವು ಬಾಯಿ, ಗಂಟಲಿಗೆ ಚುಚ್ಚುತ್ತವೆ. ಸರಿಯಾಗಿ ಬೇಯಿಸದಿದ್ದರೆ ನನಗೂ ಚುಚ್ಚುತ್ತವೆ, ನಿಮಗೂ ಚುಚ್ಚುತ್ತವೆ. ಅದಕ್ಕೇ ನಮ್ಮಲ್ಲಿ ಕೆಸುವಿಗೆ ಹುಳಿ ಬಿಟ್ಟು ಚೆನ್ನಾಗಿ ಬೇಯಿಸುವುದು. ಬೈಂಬಳೆ, ಅಂದರೆ ಕಳಲೆಯದೂ ಹಾಗೇ. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುವ ವಸ್ತು ಇದೆ, ಹೆಚ್ಚಿ ನೀರಲ್ಲಿ ನೆನೆಹಾಕಿ, ನೀರು ಬದಲಿಸಿ, ಆಮೇಲೆ ಬೇಯಿಸಿದರೆ ಅದು ಹೋಗುತ್ತದೆ. ಇದನ್ನೆಲ್ಲ ಲ್ಯಾಬಿನವರು ಬಂದು ಹೇಳಿಕೊಡಲಿಲ್ಲ. ಅಜ್ಜಿಯಂದಿರಿಗೆ ಗೊತ್ತಿತ್ತು.

ಅಲರ್ಜಿ ಅಂದರೆ ಬೇರೆ. ಅಲ್ಲಿ ತಪ್ಪು ಆಹಾರದ್ದಲ್ಲ. ನಮ್ಮ ಮೈಯ ಕಾವಲು ವ್ಯವಸ್ಥೆ, ಏನೂ ಹಾನಿ ಮಾಡದ ಒಂದು ವಸ್ತುವನ್ನು ಶತ್ರು ಅಂದುಕೊಂಡು ಮೇಲೆ ಬೀಳುತ್ತದೆ. ತೋಟಕ್ಕೆ ಹೊಸದಾಗಿ ತಂದ ನಾಯಿಯನ್ನು ನೋಡಿದ್ದೀರಲ್ಲ, ಮೊದಲ ವಾರ ಕೆಲಸಕ್ಕೆ ಬರುವ ಎಲ್ಲರಿಗೂ ಬೊಗಳುತ್ತದೆ. ಇವರು ದಿನಾ ಬರುವವರು, ಇವರು ಕಳ್ಳರಲ್ಲ ಅಂತ ಅದಕ್ಕೆ ಗೊತ್ತಾಗಬೇಕಾದರೆ ಅವರನ್ನು ದಿನಾ ನೋಡಬೇಕು. ನೋಡದೇ ಬೆಳೆದರೆ ಅಂಚೆಯವನಿಗೂ ಕಚ್ಚುತ್ತದೆ. ಇವತ್ತು ನಾನು ಹೇಳುವುದರಲ್ಲಿ ಮುಖ್ಯವಾದದ್ದು ಇಷ್ಟೇ. ಮೈಯ ಕಾವಲಿಗೆ ಈ ಪಾಠ ಹೆಚ್ಚಿನಂಶ ಕರುಳಿನಲ್ಲಿ ಆಗುತ್ತದೆ, ಊಟದ ಮೂಲಕ ಆಗುತ್ತದೆ, ಮತ್ತು ಹಾಡಿಗಳಲ್ಲಿ ಆ ಪಾಠ ಅರ್ಧಕ್ಕೇ ನಿಂತುಹೋಗಿದೆ.

ಇಂಥ ಅಲರ್ಜಿಯಲ್ಲಿ ಹೆಚ್ಚಾಗಿ ಕೆಲಸ ಮಾಡುವುದು ಐಜಿಇ ಅನ್ನುವ ಒಂದು ಪ್ರತಿಕಾಯ, ಅಂದರೆ ಶತ್ರುವನ್ನು ಗುರುತು ಹಿಡಿಯುವ ಪ್ರೋಟೀನು. ಇದು ಮೈಯಲ್ಲಿ ಇರುವುದೇ ಮುಖ್ಯವಾಗಿ ಜಂತುಹುಳುವಿನಂಥ ಪರಾವಲಂಬಿಗಳ ವಿರುದ್ಧ ಹೋರಾಡಲಿಕ್ಕೆ ಅಂತ ತಜ್ಞರ ಅಭಿಪ್ರಾಯ. ಈಗ ಒಂದು ಸ್ವಾರಸ್ಯ ನೋಡಿ. ಬೆಂಗಳೂರು, ಮೈಸೂರಿನ ವಯಸ್ಕರ ಮೇಲೆ ನಡೆದ ಒಂದು ದೊಡ್ಡ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ರಕ್ತ ಪರೀಕ್ಷೆ ಮಾಡಿದರೆ ನೂರಕ್ಕೆ 26 ಜನರಲ್ಲಿ ಯಾವುದಾದರೂ ಆಹಾರದ ವಿರುದ್ಧ ಐಜಿಇ ಇತ್ತು. ಯುರೋಪಿನ ಎಷ್ಟೋ ದೇಶಗಳಿಗಿಂತ ಇದು ಜಾಸ್ತಿ. ಆದರೆ ಆ ಆಹಾರ ತಿಂದಾಗ ನಿಜವಾಗಿ ತೊಂದರೆ ಆಗುವವರು? ನೂರಕ್ಕೆ ಹೆಚ್ಚು ಕಡಿಮೆ ಒಬ್ಬರು, ಲೆಕ್ಕದಲ್ಲಿ 1.2. ಅಂದರೆ ನಾಯಿ ಗುರುಗುಟ್ಟುತ್ತಿದೆ, ಕಚ್ಚುತ್ತಿಲ್ಲ. ಸರಪಳಿ ಯಾರೋ ಹಿಡಿದಿದ್ದಾರೆ.

ಇಲ್ಲೊಂದು ಮಾತು ಸೇರಿಸಿಬಿಡುತ್ತೇನೆ. ಈಗ ಪೇಟೆಯಲ್ಲಿ ಒಂದೇ ರಕ್ತದಲ್ಲಿ ನೂರು ಆಹಾರಕ್ಕೆ ಅಲರ್ಜಿ ಪರೀಕ್ಷೆ ಮಾಡುತ್ತೇವೆ ಅಂತ ಪ್ಯಾಕೇಜ್ ಮಾರುತ್ತಾರೆ. ಉದ್ದದ ಪಟ್ಟಿ ಕೊಡುತ್ತಾರೆ, ಕಡಲೆಕಾಯಿ ಬಿಡಿ, ಮೊಟ್ಟೆ ಬಿಡಿ, ಬದನೆ ಬಿಡಿ ಅಂತ. ತಿಂದಾಗ ಏನೂ ಆಗದ ಮಗುವಿಗೆ ಕಾಗದ ನೋಡಿ ಊಟ ಬಿಡಿಸಬೇಡಿ. ಪಟ್ಟಿಯಲ್ಲಿದೆ ಅನ್ನುವುದು ಬೇರೆ, ಅಲರ್ಜಿ ಇದೆ ಅನ್ನುವುದು ಬೇರೆ.

ಸರಿ, ಆ ಸರಪಳಿ ಹಿಡಿದವರು ಯಾರು? ರಕ್ತದಲ್ಲಿ ಒಂದು ಜಾತಿಯ ಬಿಳಿ ಕಣಗಳಿವೆ, ಅವುಗಳ ಕೆಲಸವೇ ಉಳಿದವನ್ನು ಸುಮ್ಮನಿರಿಸುವುದು. ಅವು ಚೆನ್ನಾಗಿ ಬೆಳೆಯಲು ಕರುಳಿನ ಬ್ಯಾಕ್ಟೀರಿಯಾಗಳ ಸಹಾಯ ಬೇಕು. ನಾವು ತಿಂದ ನಾರು, ಅಂದರೆ ಗೆಡ್ಡೆ, ಸೊಪ್ಪು, ಕಾಳು, ಸಿಪ್ಪೆ ತೆಗೆಯದ ಧಾನ್ಯದಲ್ಲಿರುವುದು, ನಮಗೆ ಜೀರ್ಣ ಆಗುವುದಿಲ್ಲ. ಅದು ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಹುಳಿ ಬರಿಸಿ ಬ್ಯುಟಿರೇಟ್‌ನಂಥ ಸಣ್ಣ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ಕರುಳಿನ ಗೋಡೆಗೆ ಅದೇ ಊಟ, ಸುಮ್ಮನಿರಿಸುವ ಕಣಗಳಿಗೂ ಅದೇ ಸೂಚನೆ. ಇಲಿಗಳಿಗೆ ನಾರು ಜಾಸ್ತಿ ಕೊಟ್ಟು ನೋಡಿದ್ದಾರೆ, ಶ್ವಾಸಕೋಶದ ಅಲರ್ಜಿ ಕೂಡ ತಗ್ಗಿದೆ. ಹೊಟ್ಟೆಗೆ ಹಾಕಿದ್ದು ಎದೆಗೆ ಉಪಕಾರ ಮಾಡಿತು.

ಈಗ ಹಾಡಿಗೆ ಬರೋಣ. ಇಲ್ಲಿ ಕೂತಿರುವ ಜೇನುಕುರುಬ, ಬೆಟ್ಟಕುರುಬ, ಯರವ ಮನೆಯ ಮಕ್ಕಳು ನಿಮ್ಮ ಅಜ್ಜಿಯನ್ನು ಕೇಳಿ, ಚಿಕ್ಕಂದಿನಲ್ಲಿ ಒಂದು ವರ್ಷದಲ್ಲಿ ಏನೇನು ತಿಂದಿದ್ದೆ ಅಂತ. ನಾನು ಹೋದ ಕಡೆಯಲ್ಲೆಲ್ಲ ಇದನ್ನೇ ಕೇಳುತ್ತೇನೆ. ಉತ್ತರ ಮುಗಿಯುವುದೇ ಇಲ್ಲ. ಕಾಡುಗೆಣಸಿನಲ್ಲೇ ಬೇರೆ ಬೇರೆ, ಒಂದು ಸುಟ್ಟು ತಿನ್ನುವುದು, ಒಂದು ಬೇಯಿಸಿ ನೀರು ಚೆಲ್ಲಿ ತಿನ್ನುವುದು. ಹೆಜ್ಜೇನು, ತುಡುವೆ, ಕೋಲುಜೇನು, ಅದರ ಜತೆ ಮರಿಹುಳು ಇರುವ ತಟ್ಟಿ, ಹೂವಿನ ಪುಡಿ. ಮಳೆ ಹಿಡಿದರೆ ಕಳಲೆ, ಅಣಬೆ, ಹೊಳೆ ಏಡಿ, ಗದ್ದೆ ಮೀನು. ಬಿದಿರು ಹೂ ಬಿಟ್ಟ ವರ್ಷ ಬಿದಿರಕ್ಕಿ. ರಾಗಿ. ಹೆಸರೇ ಇಲ್ಲದ ಸೊಪ್ಪುಗಳು, ಹೆಸರು ಇಲ್ಲ ಅಂದರೆ ನನ್ನ ಪುಸ್ತಕದಲ್ಲಿ ಇಲ್ಲ, ಅವರ ಹತ್ತಿರ ಇದೆ.

ಇವತ್ತು ಅದೇ ಮನೆಯಲ್ಲಿ ಏನಿದೆ? ಸೊಸೈಟಿ ಅಕ್ಕಿ, ತಿಳಿ ಸಾರು, ಆಲೂಗಡ್ಡೆ, ಸಕ್ಕರೆ ಜಾಸ್ತಿ ಹಾಕಿದ ಟೀ, ಮಕ್ಕಳ ಕೈಯಲ್ಲಿ ಐದು ರೂಪಾಯಿಯ ಪ್ಯಾಕೆಟ್. ವರ್ಷದ ಹನ್ನೆರಡೂ ತಿಂಗಳು ಇಷ್ಟೇ. ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ಇರುವವರಿಗಂತೂ ಬೆಳಗ್ಗೆ ಎಂಟಕ್ಕೆ ಕೆಲಸಕ್ಕೆ ಹೋಗಿ ಸಂಜೆ ಬಂದು ಸೊಪ್ಪು ಹುಡುಕಲಿಕ್ಕೆ ಟೈಮೂ ಇಲ್ಲ, ಜಾಗವೂ ಇಲ್ಲ, ಕಳೆನಾಶಕ ಹೊಡೆದ ತೋಟದಲ್ಲಿ ಸೊಪ್ಪು ಕೊಯ್ದು ತಿನ್ನಿ ಅಂತ ನಾನೂ ಹೇಳುವುದಿಲ್ಲ.

ಅಕ್ಕಿ ಕೊಟ್ಟದ್ದು ತಪ್ಪು ಅಂತ ದಯವಿಟ್ಟು ತಿಳಿಯಬೇಡಿ. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಎಷ್ಟೋ ಮನೆಯಲ್ಲಿ ರಾತ್ರಿ ಹಸಿದು ಮಲಗುವುದು ತಪ್ಪಿತು. ಹಸಿವು ನೋಡದವರು ಅದನ್ನು ಹಗುರವಾಗಿ ಮಾತಾಡಬಹುದು, ನಾವು ಮಾತಾಡಬಾರದು. ನಾನು ಹೇಳುವುದು ಬರೀ ಅಕ್ಕಿಯ ಬಗ್ಗೆ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯ 2017ರ ಪಟ್ಟಿ ತೆಗೆದು ನೋಡಿ. ನೂರು ಗ್ರಾಂ ರಾಗಿಯಲ್ಲಿ 11 ಗ್ರಾಂ ನಾರು, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಕ್ಯಾಲ್ಸಿಯಂ ರಾಗಿಯಲ್ಲಿ 364 ಮಿಲಿಗ್ರಾಂ, ಅಕ್ಕಿಯಲ್ಲಿ ಎಂಟರ ಒಳಗೆ. ಹೊಟ್ಟೆ ತುಂಬುತ್ತದೆ, ಕರುಳಿನ ಬ್ಯಾಕ್ಟೀರಿಯಾ ಉಪವಾಸ.

ಆಫ್ರಿಕಾದ ತಾಂಜಾನಿಯಾದಲ್ಲಿ ಹಾಡ್ಜಾ ಅನ್ನುವ ಜನ ಇದ್ದಾರೆ. ಗೆಡ್ಡೆ ಅಗೆಯುತ್ತಾರೆ, ಜೇನು ಇಳಿಸುತ್ತಾರೆ, ಹಣ್ಣು, ಬೇಟೆ. ನಮ್ಮ ಜೇನುಕುರುಬರ ಅಜ್ಜಂದಿರು ಅಲ್ಲಿಗೆ ಹೋದರೆ ಭಾಷೆ ಬಾರದಿದ್ದರೂ ಕೆಲಸದಲ್ಲಿ ಸೇರಿಕೊಂಡುಬಿಡುತ್ತಿದ್ದರು ಅನಿಸುತ್ತದೆ. ಅವರಲ್ಲಿ ಕಾಡಿನ ಊಟವನ್ನೇ ನಂಬಿರುವವರು ದಿನಕ್ಕೆ ನೂರು ಗ್ರಾಂ ನಾರು ತಿನ್ನುತ್ತಾರೆ, ಕೆಲವು ಸಲ ಇನ್ನೂ ಜಾಸ್ತಿ. 2017ರಲ್ಲಿ ಅವರ ಕರುಳಿನ ಬ್ಯಾಕ್ಟೀರಿಯಾಗಳ ಬಗ್ಗೆ ಒಂದು ಅಧ್ಯಯನ ಬಂತು. ಮಳೆಗಾಲದಲ್ಲಿ ಜೇನು, ಹಣ್ಣು ಜಾಸ್ತಿ, ಬೇಸಗೆಯಲ್ಲಿ ಮಾಂಸ ಜಾಸ್ತಿ. ಅದಕ್ಕೆ ತಕ್ಕಂತೆ ಕೆಲವು ಬ್ಯಾಕ್ಟೀರಿಯಾ ಒಂದು ಕಾಲದಲ್ಲಿ ಕಾಣೆಯಾಗಿ ಇನ್ನೊಂದು ಕಾಲದಲ್ಲಿ ತಿರುಗಿ ಬರುತ್ತಿದ್ದವು. ಹೀಗೆ ಬಂದು ಹೋಗುವ ಜಾತಿಗಳೇ ಪಟ್ಟಣದ ಜನರ ಕರುಳಿನಲ್ಲಿ ಕಾಣುವುದು ಅಪರೂಪ.

ಇದನ್ನು ಓದಿದಾಗ ನನಗೆ ಕೂಡಲೇ ಕಕ್ಕಡ, ಅಂದರೆ ಕೊಡಗಿನ ಜಡಿಮಳೆಯ ತಿಂಗಳು, ನೆನಪಾಯಿತು. ನಮ್ಮಲ್ಲೂ ಊಟ ಕಾಲದ ಜತೆ ತಿರುಗುತ್ತಿತ್ತು ಅಲ್ವಾ? ಕಕ್ಕಡದಲ್ಲಿ ಬೈಂಬಳೆ, ಕುಮ್ಮು ಅಂದರೆ ಅಣಬೆ, ಕೆಸು, ಏಡಿ. ಹದಿನೆಂಟನೇ ದಿನ ಮದ್ದು ಸೊಪ್ಪಿನ ಪಾಯಸ. ಸುಗ್ಗಿಯ ಹುತ್ತರಿ ಹಬ್ಬದ ಹೊತ್ತಿಗೆ ಗೆಣಸು. ಬೇಸಗೆಗೆ ಜೇನು. ಮದ್ದು ಸೊಪ್ಪು ತಿಂದ ಮರುದಿನ ಮೂತ್ರ ಕೆಂಪಗಾದದ್ದು ನೋಡಿ ಹೊರಗಿನಿಂದ ಮದುವೆಯಾಗಿ ಬಂದ ಸೊಸೆಯಂದಿರು ಗಾಬರಿಯಾಗಿ ಡಾಕ್ಟರ ಹತ್ತಿರ ಓಡುವುದು ಪ್ರತಿ ಆಗಸ್ಟಿನ ಕತೆ, ಅದು ಸೊಪ್ಪಿನ ಬಣ್ಣ, ಏನೂ ಆಗುವುದಿಲ್ಲ. ಈಗ ನಾವು ಕಕ್ಕಡವನ್ನು ಒಂದು ದಿನದ ಹಬ್ಬ ಮಾಡಿ ಫೋಟೋ ಹಾಕುತ್ತೇವೆ. ಉಳಿದ ದಿನ ಕೋಳಿ, ಅನ್ನ. ಬರೀ ಹಾಡಿಯವರನ್ನು ಹೇಳಿ ನಾವು ತಪ್ಪಿಸಿಕೊಳ್ಳುವ ಹಾಗಿಲ್ಲ.

ಊಟ ಬದಲಾದದ್ದರಿಂದಲೇ ಅಲರ್ಜಿ ಬರುತ್ತದೆ ಅಂತ ಹೇಗೆ ಹೇಳುತ್ತೀರಿ, ಜಾತಿ, ರಕ್ತ, ವಂಶ ಕಾರಣ ಇರಬಹುದಲ್ಲ ಅಂತ ಕೇಳುವವರಿದ್ದಾರೆ. ಒಳ್ಳೆ ಪ್ರಶ್ನೆ. ಇದಕ್ಕೆ ಕರೇಲಿಯಾ ನೋಡಬೇಕು. ಫಿನ್‌ಲ್ಯಾಂಡ್, ರಷ್ಯಾ ಗಡಿಯ ಎರಡೂ ಕಡೆ ಹರಡಿದ ನಾಡು. ಎರಡನೇ ಮಹಾಯುದ್ಧದ ಹೊತ್ತಿಗೆ ಗಡಿ ಬದಲಾಯಿತು. ಹವೆ ಒಂದೇ, ಜನರ ಮೂಲವೂ ಹತ್ತಿರದ್ದು. ಫಿನ್‌ಲ್ಯಾಂಡ್ ಕಡೆ ಪೇಟೆ ಬದುಕು ಬೇಗ ಬಂತು. ರಷ್ಯಾ ಕಡೆಯವರು ಹಿತ್ತಲಲ್ಲಿ ಬೆಳೆದದ್ದು, ಕಾಡಲ್ಲಿ ಸಿಕ್ಕಿದ್ದು ತಿನ್ನುತ್ತಾ, ದನಕರು ಜತೆ ಇದ್ದರು. ಕೊನೆಗೆ ನೋಡಿದರೆ ಫಿನ್‌ಲ್ಯಾಂಡ್ ಕಡೆ ಅಲರ್ಜಿ ನೆಗಡಿ, ಆಸ್ತಮಾ ಎಷ್ಟೋ ಪಟ್ಟು ಜಾಸ್ತಿ. ಗ್ರೀನ್‌ಲ್ಯಾಂಡಿನ ಇನುಯಿಟ್ ಜನರಲ್ಲಿ 1987 ಮತ್ತು 1998ರಲ್ಲಿ ತೆಗೆದ ರಕ್ತ ಹೋಲಿಸಿದಾಗ ಅಲರ್ಜಿಯ ಗುರುತು ಹೆಚ್ಚು ಕಡಿಮೆ ಎರಡರಷ್ಟಾಗಿತ್ತು. ಹನ್ನೊಂದು ವರ್ಷದಲ್ಲಿ ವಂಶ ಬದಲಾಗುವುದಿಲ್ಲ, ಬದುಕು ಬದಲಾಗುತ್ತದೆ.

ಇನ್ನೊಂದು ನಮಗೆ ತೀರಾ ಹತ್ತಿರದ್ದು. ಮ್ಯಾನ್ಮಾರ್, ಥಾಯ್ಲೆಂಡ್, ಲಾವೋಸ್ ಗುಡ್ಡಗಳ ಕರೆನ್ ಮತ್ತು ಮೋಂಗ್ ಜನ ಅಮೆರಿಕಕ್ಕೆ ವಲಸೆ ಹೋದರು. ಹೋದ ಮೇಲೆ ಅವರ ಕರುಳಿನಲ್ಲಿ ಏನಾಯಿತು ಅಂತ 2018ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ತಿಂಗಳುಗಳೊಳಗೆ ಬ್ಯಾಕ್ಟೀರಿಯಾಗಳ ವೈವಿಧ್ಯ ಇಳಿಯಿತು. ಇದ್ದಷ್ಟು ವರ್ಷ ಇಳಿಯುತ್ತಲೇ ಹೋಯಿತು. ಅಲ್ಲೇ ಹುಟ್ಟಿದ ಮಕ್ಕಳಲ್ಲಿ ಇನ್ನೂ ಕಡಿಮೆ. ಗಿಡದ ನಾರನ್ನು ಒಡೆಯುವ ಬ್ಯಾಕ್ಟೀರಿಯಾಗಳೇ ಹೋಗಿದ್ದವು.

ಅವರು ಸಮುದ್ರ ದಾಟಿದರು. ನಾಗರಹೊಳೆಯ ಒಳಗಿನಿಂದ ಹೊರಗೆ ಬಂದವರಿಗೆ ಅಷ್ಟು ದೂರ ಬೇಕಾಗಲಿಲ್ಲ. 1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆ ನಿಂತಿತು, ಅದು ಸರಿಯೇ ಇರಬಹುದು, ಆದರೆ ಅದರ ಜತೆ ಗೆಣಸು ಅಗೆಯುವುದಕ್ಕೂ ಜೇನು ಇಳಿಸುವುದಕ್ಕೂ ಹೆದರುವ ಹಾಗಾಯಿತು. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯ ಆದಿವಾಸಿಗಳ ಗುಡಿಸಲು ತೆರವಾಗಿ, ಆಮೇಲೆ ಕುಶಾಲನಗರದ ಕಡೆ ಬ್ಯಾಡಗೊಟ್ಟ, ಬಸವನಹಳ್ಳಿಗೆ ಹೋದ ಕುಟುಂಬಗಳನ್ನು ಯೋಚಿಸಿ. ಮನೆ ಸಿಕ್ಕಿತು. ಮನೆ ಹಿಂದೆ ಕಾಡು ಸಿಗಲಿಲ್ಲ. ಪುನರ್ವಸತಿಯ ಲೆಕ್ಕದಲ್ಲಿ ಮನೆ, ಕರೆಂಟು, ನಲ್ಲಿ ಬರುತ್ತದೆ, ಊಟದಲ್ಲಿ ಎಷ್ಟು ಬಗೆ ಕಳೆದುಹೋಯಿತು ಅನ್ನುವುದಕ್ಕೆ ಅಲ್ಲಿ ಕಾಲಂ ಇಲ್ಲ.

ಕಳೆದದ್ದು ವಾಪಸ್ ಬರುತ್ತದಾ? ಎರಡು ಉತ್ತರ ಇದೆ. ಅಮೆರಿಕದಲ್ಲಿ ಇಲಿಗಳಿಗೆ ನಾಲ್ಕು ತಲೆಮಾರು ನಾರು ಕಡಿಮೆ ಇರುವ ಊಟ ಕೊಟ್ಟು ನೋಡಿದರು, 2016ರಲ್ಲಿ ವರದಿ ಬಂತು. ಮೊದಲ ತಲೆಮಾರಿನಲ್ಲಿ ನಾರು ಮತ್ತೆ ಕೊಟ್ಟರೆ ಬ್ಯಾಕ್ಟೀರಿಯಾ ಬಹುಪಾಲು ತಿರುಗಿ ಬಂದವು. ನಾಲ್ಕನೇ ತಲೆಮಾರಿಗೆ ನಾರು ಕೊಟ್ಟರೂ ಬರಲಿಲ್ಲ, ಬೇರೆ ಇಲಿಗಳಿಂದ ತಂದು ಸೇರಿಸಬೇಕಾಯಿತು. ಇನ್ನೊಂದು ಕಡೆ, ದಕ್ಷಿಣ ಆಫ್ರಿಕಾದ ಹಳ್ಳಿಯವರ ಊಟವನ್ನು ಅಮೆರಿಕದ ಕಪ್ಪು ಜನರಿಗೂ, ಅವರ ಊಟವನ್ನು ಇವರಿಗೂ ಬರೀ ಎರಡು ವಾರ ಕೊಟ್ಟರು. ಎರಡೇ ವಾರದಲ್ಲಿ ನಾರು ತಿಂದವರ ಕರುಳಿನಲ್ಲಿ ಬ್ಯುಟಿರೇಟ್ ಏರಿತು, ಉರಿಯೂತದ ಗುರುತುಗಳು ಇಳಿದವು. ಹಾಡಿಗಳಲ್ಲಿ ಅಜ್ಜಿ ಇನ್ನೂ ಇದ್ದಾರೆ. ನಾವು ನಾಲ್ಕನೇ ತಲೆಮಾರಿಗೆ ಬಂದಿಲ್ಲ. ನನಗೆ ಆತುರ ಇರುವುದು ಅದಕ್ಕೇ.

ಈಗ ಇನ್ನೊಂದು ಕಡೆಯಿಂದ ನೋಡೋಣ, ಇಲ್ಲದಿದ್ದರೆ ನಾನು ಕಾಡಿನ ಬದುಕನ್ನು ಹೊಗಳಿ ಎದ್ದು ಹೋದೆ ಅಂತಾಗುತ್ತದೆ. ಅಲರ್ಜಿ ಕಡಿಮೆ ಇದ್ದರೆ ಆರೋಗ್ಯ ಚೆನ್ನಾಗಿದೆ ಅಂತ ಅರ್ಥ ಅಲ್ಲ. ಊಟ ಸಾಲದ ಮಗುವಿನ ಎದೆಯೊಳಗೆ ಥೈಮಸ್ ಅನ್ನುವ ಗ್ರಂಥಿ ಕುಗ್ಗುತ್ತದೆ, ಕಾವಲಿನ ಒಂದು ಮುಖ್ಯ ಜಾತಿಯ ಕಣಗಳು ಪಳಗುವುದು ಅಲ್ಲಿ. ಅಂಥ ಮಗುವಿಗೆ ದಡಾರ, ಭೇದಿ, ನ್ಯುಮೋನಿಯಾ ಬಂದರೆ ತಡೆಯುವುದು ಕಷ್ಟ. ವಿಟಮಿನ್ ಎ, ಸತು, ಕಬ್ಬಿಣ ಕಡಿಮೆಯಾದರೂ ಹಾಗೇ. ಹಾಡಿಯ ದುರದೃಷ್ಟ ಏನೆಂದರೆ, ಹಳೇ ಊಟ ಹೋಯಿತು, ಆದರೆ ಶುದ್ಧ ನೀರು, ಒಣಗಿದ ಬೆಚ್ಚನೆ ಮನೆ, ಸಮಯಕ್ಕೆ ಸಿಗುವ ಔಷಧ ಪೂರ್ತಿ ಬರಲಿಲ್ಲ. ಕಾಡಿನ ಲಾಭವೂ ಇಲ್ಲ, ಪೇಟೆಯ ಲಾಭವೂ ಇಲ್ಲ.

ಜಂತುಹುಳುವಿನ ವಿಷಯ ಹೇಳಲೇಬೇಕು, ಯಾಕೆಂದರೆ ವಾಟ್ಸಾಪಿನಲ್ಲಿ ಇದು ತಿರುಚಿ ಓಡಾಡುತ್ತದೆ. ಹುಳು ಇದ್ದರೆ ಅಲರ್ಜಿ ಬರುವುದಿಲ್ಲ, ಮಾತ್ರೆ ಕೊಡಬೇಡಿ ಅಂತ. ಗಾಬಾನ್ ದೇಶದಲ್ಲಿ ಮಕ್ಕಳಿಗೆ ಹುಳುವಿನ ಮಾತ್ರೆ ಕೊಟ್ಟ ಮೇಲೆ ಧೂಳಿನ ನುಸಿಗೆ ಚರ್ಮ ಪ್ರತಿಕ್ರಿಯಿಸುವುದು ಜಾಸ್ತಿಯಾಗಿತ್ತು, ನಿಜ. ಆದರೆ ಈಕ್ವಡಾರಿನಲ್ಲಿ ಮಾಡಿದ ಪ್ರಯೋಗದಲ್ಲಿ ಅಲರ್ಜಿ ಏರಲಿಲ್ಲ. ಹುಳು ರಕ್ತ ಕುಡಿಯುತ್ತದೆ, ಮಗುವಿನ ಬೆಳವಣಿಗೆ ತಿನ್ನುತ್ತದೆ. ಅಂಗನವಾಡಿಯಲ್ಲಿ ಅಲ್ಬೆಂಡಜೋಲ್ ಕೊಡುವ ದಿನ ಒಂದು ಮಗುವನ್ನೂ ಬಿಡಬೇಡಿ.

ಹಾಗೇ ಎಲ್ಲ ಉಬ್ಬಸವನ್ನೂ ಊಟದ ತಲೆಗೆ ಕಟ್ಟಬೇಡಿ. ಲೈನ್ ಮನೆಯಲ್ಲಿ ಒಳಗೇ ಸೌದೆ ಒಲೆ, ಹೊಗೆ ಹೋಗಲು ಜಾಗ ಇಲ್ಲ. ಜೂನಿನಿಂದ ಸೆಪ್ಟೆಂಬರ್ ತನಕ ಗೋಡೆ ತುಂಬ ಬೂಸ್ಟು. ಕಾಫಿ ಕ್ಯೂರಿಂಗಿನಲ್ಲಿ ಹಸಿ ಬೀಜದ ಧೂಳು ಕೂಡ ಕೆಲಸಗಾರರಿಗೆ ಆಸ್ತಮಾ ತರುತ್ತದೆ, ಇದು ಹಳೇ ಸಂಗತಿ. ಇಲ್ಲಿ ಇಬ್ಬರು ತೋಟದ ಮಾಲೀಕರು ಕಾಣುತ್ತಿದ್ದಾರೆ. ಲೈನ್ ಮನೆಗೆ ಒಂದು ಹೊಗೆಕೊಳವೆ ಹಾಕಿಸಲಿಕ್ಕೆ ಸರ್ಕಾರದ ಯೋಜನೆ ಕಾಯಬೇಕಾಗಿಲ್ಲ.

ಮಕ್ಕಳ ಊಟದ ವಿಷಯಕ್ಕೆ ಬಂದರೆ ಅಂಗನವಾಡಿಯವರು ಸ್ವಲ್ಪ ಗಮನ ಕೊಡಿ. ಮೊದಲ ಆರು ತಿಂಗಳು ಎದೆಹಾಲು ಮಾತ್ರ. ತಾಯಿಯ ಹಾಲಿನಲ್ಲಿ ಕೆಲವು ಸಕ್ಕರೆಗಳಿವೆ, ಅವು ಮಗುವಿಗೆ ಜೀರ್ಣವೇ ಆಗುವುದಿಲ್ಲ. ಮತ್ತೆ ಯಾಕಿವೆ? ಬೈಫಿಡೋ ಬ್ಯಾಕ್ಟೀರಿಯಾಗಳ ಊಟಕ್ಕೆ. ಮಗುವಿನ ಜತೆ ಮಗುವಿನ ಕರುಳಿನವರಿಗೂ ತಾಯಿ ಬಡಿಸುತ್ತಾಳೆ. ಹಾಡಿಯ ತಾಯಂದಿರು ಇದನ್ನು ಇನ್ನೂ ಬಿಟ್ಟಿಲ್ಲ, ಡಬ್ಬಿ ಹಾಲು ಅಂತಸ್ತು ಅನ್ನುವ ಭಾವನೆ ಬರದ ಹಾಗೆ ನೋಡಿಕೊಳ್ಳಿ. ಆರು ತಿಂಗಳಾದ ಮೇಲೆ ಮೊಟ್ಟೆ, ಕಡಲೆಕಾಯಿ, ಮೀನು ಎಲ್ಲ ಶುರು ಮಾಡಬಹುದು. ಕಡಲೆಕಾಯಿಯನ್ನು ಪುಡಿ ಮಾಡಿ ಗಂಜಿಯಲ್ಲಿ ಕಲಸಿ, ಇಡೀ ಬೀಜ ಕೊಟ್ಟರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಹಿಂದೆ ವಿದೇಶದ ಡಾಕ್ಟರುಗಳು ಅಲರ್ಜಿ ಆಗುತ್ತದೆ, ಮೂರು ವರ್ಷ ಕಡಲೆಕಾಯಿ ಕೊಡಬೇಡಿ ಅನ್ನುತ್ತಿದ್ದರು. 2015ರಲ್ಲಿ ಲಂಡನ್ನಿನಲ್ಲಿ 640 ಶಿಶುಗಳ ಮೇಲೆ ಮಾಡಿದ ಪ್ರಯೋಗದ ಫಲಿತಾಂಶ ಬಂದಾಗ ಅದು ಪೂರ್ತಿ ತಲೆಕೆಳಗಾಯಿತು. ಅಲರ್ಜಿಯ ಅಪಾಯ ಇದ್ದ ಮಕ್ಕಳಲ್ಲಿ ಬೇಗ ಕೊಟ್ಟವರಿಗಿಂತ ಕೊಡದೇ ಇಟ್ಟವರಲ್ಲೇ ಅಲರ್ಜಿ ಎಷ್ಟೋ ಪಟ್ಟು ಜಾಸ್ತಿ. ಫಿನ್‌ಲ್ಯಾಂಡ್ ಕೂಡ 2008ರಿಂದ ಹತ್ತು ವರ್ಷ, ಇದು ಬಿಡಿ ಅದು ಬಿಡಿ ಅನ್ನುವ ಸಲಹೆ ನಿಲ್ಲಿಸಿ ಅಭ್ಯಾಸ ಮಾಡಿಸಿ ಅಂತ ಹೇಳಿತು. ಶಿಶುವಿಹಾರಗಳಲ್ಲಿ ಅಲರ್ಜಿ ಪಥ್ಯ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯಿತು. ಒಂದು ಎಚ್ಚರ ಮಾತ್ರ. ತಿಂದ ಕೂಡಲೇ ಮೈ ತುಂಬ ಗಂಧೆ, ತುಟಿ ಊತ, ಉಸಿರು ಕಟ್ಟುವುದು ಆದರೆ ಮನೆಮದ್ದು ಬೇಡ, ಆಸ್ಪತ್ರೆಗೆ ಓಡಿ.

ಒಬ್ಬ ಹುಡುಗ ಚೀಟಿ ಕಳಿಸಿದ್ದಾನೆ, ಜೇನು ತಿಂದರೆ ಅಲರ್ಜಿ ಹೋಗುತ್ತದಾ ಅಂತ. ಹೋಗುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ. ಮೂಗಿಗೆ ತೊಂದರೆ ಕೊಡುವುದು ಗಾಳಿಯಲ್ಲಿ ಹಾರುವ ಹುಲ್ಲು, ಮರಗಳ ಪರಾಗ. ಜೇನುನೊಣ ತರುವುದು ಬಹುಪಾಲು ಹೂವಿನ ಪರಾಗ. ಒಂದು ವರ್ಷ ತುಂಬದ ಮಗುವಿಗಂತೂ ಜೇನು ನೆಕ್ಕಿಸಲೇಬೇಡಿ, ಬಾಟುಲಿಸಂ ಅನ್ನುವ ವಿಷರೋಗದ ಅಪಾಯ ಇದೆ. ಆದರೆ ಜೇನಿಗೆ ಸೇರಿದ ಇನ್ನೊಂದು ವಿಷಯ ನಿನಗೆ ಇಷ್ಟ ಆಗಬಹುದು. ವರ್ಷಕ್ಕೆ ನೂರಾರು ಸಲ ಕುಟುಕಿಸಿಕೊಳ್ಳುವ ಜೇನು ಸಾಕಣೆಯವರಲ್ಲಿ ವಿಷದ ಅಲರ್ಜಿ ಕಡಿಮೆ, ಅಪರೂಪಕ್ಕೆ ಕುಟುಕಿಸಿಕೊಳ್ಳುವವರಲ್ಲೇ ಜಾಸ್ತಿ.

ಕೊನೆಗೆ ಕೆಲಸದ ಮಾತು. ಜೇನುಕುರುಬರು ಮತ್ತು ಇತರ ಬುಡಕಟ್ಟು ಕುಟುಂಬಗಳಿಗೆ ಸರ್ಕಾರ ಕೊಡುವ ಪೌಷ್ಟಿಕ ಆಹಾರದ ಕಿಟ್ಟಿನಲ್ಲಿ ಬೇಳೆ, ಕಾಳು, ಮೊಟ್ಟೆ, ತುಪ್ಪ, ಎಣ್ಣೆ ಇರುತ್ತದೆ. ಒಳ್ಳೆಯದು. ಅದು ಸಮಯಕ್ಕೆ ಬರುತ್ತಿದೆಯಾ, ಕಾಳು ಬೇಯುವಂಥದ್ದಾ, ನೋಡಿಕೊಳ್ಳಿ. ಆಶ್ರಮ ಶಾಲೆಗಳಲ್ಲಿ ವಾರಕ್ಕೆರಡು ದಿನ ರಾಗಿ ಮುದ್ದೆ, ಊರಿನ ಸೊಪ್ಪು, ಗೆಣಸು ಹಾಕಿ ಅಂತ ಕೇಳಿ. ಹಾಡಿಯ ಅಜ್ಜಿಯೇ ಬಂದು ಸೊಪ್ಪು ಗುರುತಿಸಿಕೊಡಲಿ, ಅವರಿಗೆ ಕೂಲಿ ಕೊಡಿ, ಸುಮ್ನೆ ಶಾಲು ಹೊದೆಸಿ ಕಳಿಸಬೇಡಿ. ಅಣಬೆ ಮಾತ್ರ ಗೊತ್ತಿದ್ದವರು ನೋಡದೆ ಯಾರೂ ಮುಟ್ಟಬಾರದು.

ಮತ್ತೆ, 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಓದಿದವರು ಎಷ್ಟು ಜನ ಇದ್ದೀರಿ? ಕಿರು ಅರಣ್ಯ ಉತ್ಪನ್ನ ಅಂದರೆ ಯಾವುದು ಅಂತ ಅದರಲ್ಲಿ ಪಟ್ಟಿ ಇದೆ. ಬಿದಿರು ಇದೆ, ಜೇನು ಇದೆ, ಮೇಣ ಇದೆ, ಔಷಧಿ ಗಿಡ ಇದೆ, ಬೇರು ಮತ್ತು ಗೆಡ್ಡೆ ಕೂಡ ಇದೆ. ಗೆಣಸು ಅಗೆಯುವುದು ಕಾನೂನಿನಲ್ಲಿ ಬರೆದ ಹಕ್ಕು. ಸಮುದಾಯ ಹಕ್ಕಿಗೆ ಅರ್ಜಿ ಹಾಕುವಾಗ ಗ್ರಾಮಸಭೆಯಲ್ಲಿ ಜೇನಿನ ಜತೆ ಗೆಣಸು, ಕಳಲೆ, ಸೊಪ್ಪು, ಒಂದೊಂದನ್ನೂ ನಿಮ್ಮ ಭಾಷೆಯ ಹೆಸರಿನಲ್ಲೇ ಬರೆಸಿ. ಅರ್ಜಿಯ ನಮೂನೆ ನನ್ನ ಹತ್ತಿರ ಇದೆ, ಬೇಕಾದವರು ಊಟಕ್ಕೆ ಹೋಗುವ ಮೊದಲು ತೆಗೆದುಕೊಳ್ಳಿ.